ಮಾಲೋಜಿರಾವ್ ಘೋರ್ಪಡೆ

ಶ್ರೀಮಂತ ಸರ್ ಮಾಲೋಜಿರಾವ್ ವೆಂಕಟರಾವ್ ರಾಜೇ ಘೋರ್ಪಡೆ (ಜನನ: 1884) ಅವರು ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳವನ್ನು ರಾಜಧಾನಿಯಾಗಿ ಹೊಂದಿದ್ದ ಮುಧೋಳ ಸಂಸ್ಥಾನದ ಅರಸರು. ನಾನಾಸಾಹೇಬ್ ಎಂಬ ಹೆಸರಿನಿಂದಲೂ ಪರಿಚಿತರಾದ ಇವರು 1900ರಿಂದ 1937ರವರೆಗೆ ಗಾದಿಯಲ್ಲಿದ್ದರು. ಉತ್ತರ ಕರ್ನಾಟಕದ ಬೇಟೆನಾಯಿಯ ತಳಿಯೊಂದನ್ನು ಆಯ್ದು, ಶುದ್ಧವಾಗಿ ಉಳಿಸಿ ಬೆಳೆಸಿದ್ದು ಇವರ ಹೆಸರನ್ನು ಇಂದಿಗೂ ಉಳಿಸಿರುವ ಕೆಲಸ. ಆ ತಳಿ ಈಗ ಮುಧೋಳ ನಾಯಿ ಅಥವಾ ಮುಧೋಳ ಹೌಂಡ್ ಎಂದು ದೇಶದಾದ್ಯಂತ ಪ್ರಸಿದ್ಧವಾಗಿದೆ. ಇಂಗ್ಲೆಂಡ್ ಪ್ರವಾಸದ ಸಂದರ್ಭದಲ್ಲಿ ದೊರೆ ಐದನೆಯ ಜಾರ್ಜ್ ಅವರಿಗೆ ಈ ತಳಿಯ ಒಂದು ಜೋಡಿಯನ್ನು ಕಾಣಿಕೆಯಾಗಿ ನೀಡಿದ್ದರಿಂದ ನಾಯಿಯ ಖ್ಯಾತಿ ಸಂಸ್ಥಾನದ ಗಡಿಯನ್ನು ದಾಟಿತು.

ತಳಿಯ ಸೃಷ್ಟಿಯನ್ನೇ ಅರಸರಿಗೆ ಸಲ್ಲಿಸುವ ರೂಢಿ ಜನಪ್ರಿಯ ಬರಹಗಳಲ್ಲಿದೆ. ಇದು ಪೂರ್ತಿ ಸರಿಯಲ್ಲ. ನಾಯಿಗಳು ಅರಸರಿಗಿಂತ ಮೊದಲೇ ಇದ್ದವು. ಅವುಗಳನ್ನು ಸಾಕಿ, ಬೇಟೆಗೆ ಪಳಗಿಸಿ, ತಮ್ಮ ಊಟದಲ್ಲಿ ಪಾಲು ಕೊಟ್ಟು ಉಳಿಸಿಕೊಂಡು ಬಂದವರು ಈ ಭಾಗದ ಬೇಡರು, ಕುರಿಗಾರರು ಮತ್ತು ರೈತರು. ಮಾಲೋಜಿರಾವ್ ಅವರ ಹಿರಿಮೆಯಿರುವುದು ಆ ನಾಯಿಗಳ ಬೆಲೆಯನ್ನು ಗುರುತಿಸಿದ್ದರಲ್ಲಿ ಮತ್ತು ಅವು ಬೆರಕೆಯಾಗಿ ಕಳೆದುಹೋಗದಂತೆ ನೋಡಿಕೊಂಡಿದ್ದರಲ್ಲಿ.

ಮುಧೋಳ ಸಂಸ್ಥಾನ

ಸಹ್ಯಾದ್ರಿಯಲ್ಲಿ ಹುಟ್ಟುವ ಘಟಪ್ರಭಾ ನದಿ ಪೂರ್ವಕ್ಕೆ ಹರಿದು, ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಬಳಿ ಬಯಲಿಗಿಳಿದು, ಗೋಕಾಕದಲ್ಲಿ ಬಂಡೆಯ ಮೇಲಿಂದ ಧುಮುಕಿ, ಮೂಡಲಗಿ ಸೀಮೆಯನ್ನು ಹಾಯ್ದು ಮುಧೋಳವನ್ನು ತಲುಪುತ್ತದೆ. ಮುಂದೆ ಅದು ಕೃಷ್ಣೆಯನ್ನು ಸೇರುತ್ತದೆ. ಗೋಕಾಕದಿಂದ ಕೆಳಗೆ ನದಿಯ ಎರಡೂ ಬದಿಗೆ ಹರಡಿಕೊಂಡ ಎರೆಭೂಮಿಯ ಬಯಲು ಹಿಂದೆ ಮಳೆಯನ್ನೇ ನಂಬಿದ ಜೋಳದ ನಾಡು. ಗಿಡಮರಗಳು ವಿರಳ, ದೃಷ್ಟಿ ಬಹುದೂರ ಹಾಯುತ್ತದೆ. ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಓಡಿ ಹಿಡಿಯುವ ನಾಯಿಗೆ ಇಂಥ ಬಯಲೇ ತಕ್ಕ ನೆಲ. ದಟ್ಟ ಕಾಡಿನ ಮಲೆನಾಡಿನಲ್ಲಿ ಈ ತಳಿ ರೂಪುಗೊಳ್ಳುವುದು ಸಾಧ್ಯವಿರಲಿಲ್ಲ.

ಮುಧೋಳದ ಹಳೆಯ ಹೆಸರು ಮುದುವೊಳಲು. ಹತ್ತನೆಯ ಶತಮಾನದ ಕವಿ ರನ್ನನ ಊರು ಇದೇ. ಇಲ್ಲಿ ಆಳಿದ ಘೋರ್ಪಡೆ ಮನೆತನ ಮರಾಠಾ ಭೋಸಲೆ ವಂಶಕ್ಕೆ ಸೇರಿದ್ದೆಂದು ಹೇಳಿಕೊಂಡಿದೆ. ಬಹಮನಿ ಸುಲ್ತಾನರ ಕಾಲದಲ್ಲಿ ಈ ಮನೆತನದ ಹಿರಿಯರು ಉಡದ ಸೊಂಟಕ್ಕೆ ಹಗ್ಗ ಬಿಗಿದು ಕೋಟೆಯ ಗೋಡೆಯನ್ನು ಹತ್ತಿದರೆಂದೂ, ಮರಾಠಿಯಲ್ಲಿ ಉಡಕ್ಕೆ ಘೋರ್ಪಡ ಎನ್ನುವುದರಿಂದ ಅದೇ ಅಡ್ಡಹೆಸರಾಯಿತೆಂದೂ ಐತಿಹ್ಯವಿದೆ. ಮುಂದೆ ನಾಯಿಯೊಂದರಿಂದ ಲೋಕಕ್ಕೆ ಪರಿಚಯವಾದ ಮನೆತನಕ್ಕೆ ಹೆಸರು ಕೊಟ್ಟದ್ದೂ ಒಂದು ಪ್ರಾಣಿಯೇ. ಬಿಜಾಪುರದ ಆದಿಲ್‌ಶಾಹಿಯ ಸರದಾರರಾಗಿದ್ದ ಬಾಜಿ ಘೋರ್ಪಡೆ ಅವರು ಶಿವಾಜಿಯ ತಂದೆ ಶಹಾಜಿಯನ್ನು 1648ರಲ್ಲಿ ಸೆರೆಹಿಡಿದದ್ದು, ಮುಂದೆ ಶಿವಾಜಿಯ ದಾಳಿಯಲ್ಲಿ ಹತರಾದದ್ದು ಮರಾಠಾ ಚರಿತ್ರೆಯ ಪ್ರಸಿದ್ಧ ಘಟನೆಗಳು.

ಬ್ರಿಟಿಷರ ಕಾಲದಲ್ಲಿ ಮುಧೋಳವು ಮುಂಬೈ ಪ್ರಾಂತ್ಯದ ಅಧೀನದಲ್ಲಿದ್ದ ದಕ್ಷಿಣ ಮರಾಠಾ ಸಂಸ್ಥಾನಗಳಲ್ಲಿ ಒಂದು. ವಿಸ್ತೀರ್ಣ 368 ಚದರ ಮೈಲಿ, 1901ರ ಜನಗಣತಿಯಂತೆ ಜನಸಂಖ್ಯೆ 63,001. ಅರಮನೆಯ ಮಾತು ಮರಾಠಿ, ಪ್ರಜೆಗಳ ಮಾತು ಕನ್ನಡ. ಕೊಲ್ಲಾಪುರದ ಛತ್ರಪತಿ ಶಾಹು ಮಹಾರಾಜರ ತಾಯಿ ರಾಧಾಬಾಯಿ ಅವರು ಮುಧೋಳದ ಮನೆತನದವರು.

ಹಲಗಲಿಯ ದಂಗೆ ಮತ್ತು ಬೇಡರ ನಾಯಿಗಳು

ಮಾಲೋಜಿರಾವ್ ಹುಟ್ಟುವುದಕ್ಕೆ ಸುಮಾರು ಕಾಲು ಶತಮಾನ ಮೊದಲು ಸಂಸ್ಥಾನದಲ್ಲಿ ನಡೆದ ಒಂದು ಘಟನೆಯನ್ನು ಬಿಟ್ಟರೆ ನಾಯಿಗಳ ಕಥೆ ಅಪೂರ್ಣವಾಗುತ್ತದೆ. 1857ರಲ್ಲಿ ಬ್ರಿಟಿಷ್ ಸರ್ಕಾರ ಜನರು ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆ ಮಾಡಿತು. ಬೇಟೆಯನ್ನೇ ಜೀವನವನ್ನಾಗಿಸಿಕೊಂಡಿದ್ದ ಹಲಗಲಿಯ ಬೇಡರಿಗೆ ಆಯುಧವೆಂದರೆ ಅನ್ನವೂ ಹೌದು, ಮಾನವೂ ಹೌದು. ಅವರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಹಲಗಲಿಯನ್ನು ಮುತ್ತಿತು, ಊರಿಗೆ ಬೆಂಕಿ ಬಿತ್ತು, ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮ ಎಂಬ ವೀರರ ಹೆಸರುಗಳು ಲಾವಣಿಯ ಮೂಲಕ ಕನ್ನಡಿಗರ ನೆನಪಿನಲ್ಲಿ ಉಳಿದಿವೆ.

ಕೋವಿ, ಕತ್ತಿಗಳು ಕೈಬಿಟ್ಟ ಸಮುದಾಯಗಳಿಗೆ ನಾಯಿಯ ಬೆಲೆ ಹೆಚ್ಚುವುದು ಸಹಜ. ಬಲೆ, ಕೋಲು, ಒಳ್ಳೆಯ ಎರಡು ನಾಯಿಗಳಿದ್ದರೆ ಮೊಲ, ನರಿ, ಚಿಗರೆಗಳ ಬೇಟೆ ಸಾಧ್ಯವಿತ್ತು. ಕುರಿಗಾರರಿಗೆ ಹಟ್ಟಿಯ ಹತ್ತಿರ ಸುಳಿಯುವ ತೋಳವನ್ನು ಅಟ್ಟಲು ವೇಗದ ನಾಯಿಯೇ ಬೇಕು. ಹೀಗೆ ಕೆಲಸಕ್ಕೆ ಬಾರದ ನಾಯಿಗೆ ಮನೆಯ ರೊಟ್ಟಿ ಸಿಗುತ್ತಿರಲಿಲ್ಲ, ಓಡಿ ಗೆದ್ದ ನಾಯಿಯ ಮರಿಗಳಿಗೆ ಊರೂರುಗಳಿಂದ ಬೇಡಿಕೆ ಬರುತ್ತಿತ್ತು. ಅದೇ ಅಂದಿನ ಸಂವರ್ಧನೆಯ ಕ್ರಮ. ಅದಕ್ಕೆ ದಾಖಲೆ ಪುಸ್ತಕವಿರಲಿಲ್ಲ, ಆದರೆ ನಿಯಮವಿತ್ತು.

ತಳಿಯ ಮೂಲವನ್ನು ಪಶ್ಚಿಮ ಮತ್ತು ಮಧ್ಯ ಏಷ್ಯಾದ ಸಲೂಕಿಯಂಥ ಓಟದ ನಾಯಿಗಳಲ್ಲಿ ಗುರುತಿಸುವುದು ರೂಢಿ. ದಖ್ಖನಿಗೆ ಬಂದ ವ್ಯಾಪಾರಿಗಳ ತಂಡಗಳು ಮತ್ತು ಸುಲ್ತಾನರ ಸೈನ್ಯಗಳೊಂದಿಗೆ ಅವು ಇಲ್ಲಿಗೆ ಬಂದು ಸ್ಥಳೀಯ ನಾಯಿಗಳೊಂದಿಗೆ ಬೆರೆತವೆಂಬ ಅಭಿಪ್ರಾಯವಿದೆ. ಕಾರವಾನಿ ಎಂಬ ಹೆಸರು ಈ ಸಾರ್ಥ ತಂಡಗಳನ್ನೇ ನೆನಪಿಸುತ್ತದೆ. ಕಿವಿ ಮತ್ತು ಬಾಲದಲ್ಲಿ ಉದ್ದ ಕೂದಲಿರುವ ಬಗೆಗೆ ಪಶ್ಮಿ ಎನ್ನುತ್ತಾರೆ. ಶಿವಾಜಿಯ ಸೈನ್ಯದಲ್ಲಿ ಈ ನಾಯಿಗಳಿದ್ದವೆಂಬ ಮಾತು ಜನಪ್ರಿಯವಾಗಿದ್ದರೂ ಅದನ್ನು ಐತಿಹ್ಯವೆಂದೇ ಓದಬೇಕು.

ಪಟ್ಟ ಮತ್ತು ಆಳ್ವಿಕೆ

ತಂದೆ ವೆಂಕಟರಾವ್ ಅವರ ತರುವಾಯ 1900ರ ಜೂನ್ ತಿಂಗಳಲ್ಲಿ ಮಾಲೋಜಿರಾವ್ ಅವರಿಗೆ ಗಾದಿ ಬಂದಾಗ ಅವರಿನ್ನೂ ಹದಿಹರೆಯದವರು. ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳಿಗೆ ಅದು ಬರ ಮತ್ತು ಪ್ಲೇಗಿನ ಕಾಲ. ಚಿಕ್ಕ ಸಂಸ್ಥಾನಗಳ ಅರಸರಿಗೆ ಸೈನ್ಯ, ವಿದೇಶ ವ್ಯವಹಾರಗಳಲ್ಲಿ ಅಧಿಕಾರವಿರಲಿಲ್ಲ. ಕಂದಾಯ, ನ್ಯಾಯ, ಶಾಲೆ, ರಸ್ತೆಗಳಷ್ಟೇ ಅವರ ಕೈಯಲ್ಲಿ ಉಳಿದಿದ್ದವು. ಬೇಟೆ ಹಾಗೂ ಪ್ರಾಣಿಸಾಕಣೆ ಅಂದಿನ ಅರಸರ ವಿರಾಮದ ಹವ್ಯಾಸಗಳು. ಬಹುಪಾಲು ಅರಸರು ಯೂರೋಪಿನಿಂದ ಗ್ರೇಹೌಂಡ್, ಪಾಯಿಂಟರ್ ಮೊದಲಾದ ನಾಯಿಗಳನ್ನು ತರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಮಾಲೋಜಿರಾವ್ ತಮ್ಮ ಹಳ್ಳಿಗಳತ್ತ ನೋಡಿದ್ದು ಗಮನಾರ್ಹ.

1920ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಕೆ.ಸಿ.ಐ.ಇ. ಪದವಿಯನ್ನು ನೀಡಿತು. ಸರ್ ಎಂಬ ಉಪಾಧಿ ಬಂದದ್ದು ಅದರಿಂದ. ಮನೆತನದ ಚರಿತ್ರೆಯಲ್ಲಿ ಅವರಿಗೆ ಆಳವಾದ ಆಸಕ್ತಿಯಿತ್ತು. ಮುಧೋಳ ಸಂಸ್ಥಾನದ ಘರಾಣೆಯ ಇತಿಹಾಸವನ್ನು ಕುರಿತು ದತ್ತೋ ವಿಷ್ಣು ಆಪಟೆ ಅವರು ಬರೆದ ಮರಾಠಿ ಗ್ರಂಥ 1934ರಲ್ಲಿ, ಅವರ ಆಳ್ವಿಕೆಯಲ್ಲೇ, ಪ್ರಕಟವಾಯಿತು. ಅರಮನೆಯಲ್ಲಿದ್ದ ಫಾರ್ಸಿ ಫರ್ಮಾನುಗಳನ್ನು ಆಧರಿಸಿದ ಈ ಗ್ರಂಥ ಭೋಸಲೆ ವಂಶದ ಮೂಲದ ಬಗ್ಗೆ ಇತಿಹಾಸಕಾರರಲ್ಲಿ ದೀರ್ಘ ಚರ್ಚೆಗೆ ಕಾರಣವಾಯಿತು. ವಂಶಾವಳಿಯ ಬಗ್ಗೆ ಇಷ್ಟು ಕಾಳಜಿಯಿದ್ದ ಅರಸರು ನಾಯಿಗಳ ವಂಶಾವಳಿಯನ್ನೂ ಕಾಪಾಡಲು ಹೊರಟದ್ದು ಆಶ್ಚರ್ಯವಲ್ಲ.

ತಳಿ ಸಂವರ್ಧನೆ

ಸಂಸ್ಥಾನದ ಬೇಡರು ಬೇಟೆಗೆ ಬಳಸುತ್ತಿದ್ದ ನಾಯಿಗಳ ವೇಗ ಮತ್ತು ದಮ್ಮನ್ನು ಕಂಡು ಮಾಲೋಜಿರಾವ್ ಅವುಗಳತ್ತ ಆಕರ್ಷಿತರಾದರೆಂಬುದು ಮುಧೋಳ ಭಾಗದಲ್ಲಿ ಪ್ರಚಲಿತವಿರುವ ವಿವರ. ಒಳ್ಳೆಯ ಲಕ್ಷಣಗಳಿದ್ದ ಗಂಡು, ಹೆಣ್ಣು ನಾಯಿಗಳನ್ನು ಆಯ್ದು, ಅವುಗಳನ್ನೇ ಕೂಡಿಸಿ, ಬಂದ ಮರಿಗಳಲ್ಲಿ ಮತ್ತೆ ಆಯ್ಕೆ ಮಾಡುವ ಕ್ರಮವನ್ನು ಅವರು ಅನುಸರಿಸಿದರು. ಹೊರಗಿನ ನಾಯಿಗಳು ಬೆರೆಯದಂತೆ ತಡೆದದ್ದು ಈ ಕೆಲಸದ ಮುಖ್ಯ ಭಾಗ.

ಹಳ್ಳಿಗಾಡಿನಲ್ಲಿ ನಾಯಿಗಳು ಬಿಡುಬೀಸಾಗಿ ತಿರುಗುವುದರಿಂದ ಎರಡು ಮೂರು ತಲೆಮಾರಿನೊಳಗೆ ಬೆರಕೆಯಾಗಿ ಲಕ್ಷಣಗಳು ಮಸುಕಾಗುತ್ತವೆ. ಅದನ್ನು ತಪ್ಪಿಸಲು ಹೆಣ್ಣುನಾಯಿ ಬೆದೆಗೆ ಬಂದ ಸುಮಾರು ಮೂರು ವಾರಗಳ ಕಾಲ ಅದನ್ನು ಕಾಯ್ದಿರಿಸಬೇಕು. ಗರ್ಭದ ಅವಧಿ ಸುಮಾರು 63 ದಿನ. ಹೀಗೆ ಒಂದೊಂದು ತಲೆಮಾರಿನ ಫಲವನ್ನು ನೋಡಲು, ಮರಿ ಬೆಳೆದು ಓಟಕ್ಕೆ ಸಿದ್ಧವಾಗುವವರೆಗೆ, ಒಂದೂವರೆ ಎರಡು ವರ್ಷ ಕಾಯಬೇಕಾಗುತ್ತದೆ. ಮೂವತ್ತೇಳು ವರ್ಷಗಳ ದೀರ್ಘ ಆಳ್ವಿಕೆ ಅವರಿಗೆ ಸಿಗದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಈ ಕ್ರಮಕ್ಕೆ ಅಪಾಯವೂ ಇದೆ. ಹತ್ತಿರದ ಸಂಬಂಧದ ನಾಯಿಗಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಅಡಗಿದ್ದ ದೋಷಗಳು ಮೇಲೆ ಬರುತ್ತವೆ, ಮರಿಗಳು ಬದುಕುವ ಶಕ್ತಿ ಕುಗ್ಗುತ್ತದೆ. ಸುತ್ತಲಿನ ಹಳ್ಳಿಗಳಲ್ಲಿ ಅದೇ ತಳಿಯ ನಾಯಿಗಳು ಹಂಚಿಹೋಗಿದ್ದುದು ಈ ದೃಷ್ಟಿಯಿಂದ ದೊಡ್ಡ ಅನುಕೂಲ.

ಹೀಗೆ ಸ್ಥಿರಗೊಂಡ ನಾಯಿಯ ರೂಪ ಇಂದಿಗೂ ಗುರುತಿಸಲು ಸುಲಭ. ಉದ್ದನೆಯ ಕಿರಿದಾದ ತಲೆ, ಜೋಲುವ ಕಿವಿ, ನೀಳ ಕತ್ತು, ಆಳವಾದ ಎದೆಗೂಡು, ಒಳಸರಿದ ಹೊಟ್ಟೆ, ಸಣಕಲಾದರೂ ಬಲವಾದ ಕಾಲು, ಮೈಗಂಟಿದ ಗಿಡ್ಡ ಕೂದಲು. ಗಂಡುನಾಯಿ ಭುಜದವರೆಗೆ ಸುಮಾರು 68ರಿಂದ 72 ಸೆಂಟಿಮೀಟರ್ ಎತ್ತರವಿರುತ್ತದೆ, ಹೆಣ್ಣು ಸ್ವಲ್ಪ ಕಡಿಮೆ. ವಾಸನೆ ಹಿಡಿದು ಹೋಗುವ ನಾಯಿಗಳಂತೆ ಇದು ನೆಲ ಮೂಸುತ್ತಾ ಸಾಗುವುದಿಲ್ಲ. ತಲೆಯೆತ್ತಿ, ಚಲಿಸುವ ವಸ್ತುವನ್ನು ದೂರದಿಂದಲೇ ಕಂಡು ಓಟ ಕೀಳುತ್ತದೆ.

ಐದನೆಯ ಜಾರ್ಜ್ ಅವರಿಗೆ ಕಾಣಿಕೆ

ಮಾಲೋಜಿರಾವ್ ಇಂಗ್ಲೆಂಡಿಗೆ ಹೋದಾಗ ದೊರೆ ಐದನೆಯ ಜಾರ್ಜ್ ಅವರಿಗೆ ಒಂದು ಜೋಡಿ ನಾಯಿಗಳನ್ನು ಒಪ್ಪಿಸಿದರು. ಐದನೆಯ ಜಾರ್ಜ್ ನಾಯಿಗಳ ಬಗ್ಗೆ ತಿಳಿದಿದ್ದವರು. ಸ್ಯಾಂಡ್ರಿಂಗ್‌ಹ್ಯಾಮಿನಲ್ಲಿ ಅವರ ಕ್ಲಂಬರ್ ಸ್ಪ್ಯಾನಿಯಲ್ ಮತ್ತು ಲ್ಯಾಬ್ರಡಾರ್ ನಾಯಿಗಳು ಹೆಸರಾಗಿದ್ದವು. ಬೇಡರ ಗುಡಿಸಲಿನ ಮುಂದೆ ಮಲಗುತ್ತಿದ್ದ ನಾಯಿಯ ಕುಲ ಹೀಗೆ ಚಕ್ರವರ್ತಿಯ ಅರಮನೆಯನ್ನು ಸೇರಿದ್ದು ಭಾರತೀಯ ತಳಿಗಳ ಚರಿತ್ರೆಯಲ್ಲಿ ಅಪರೂಪದ ಸಂಗತಿ. ಮುಧೋಳ ಹೌಂಡ್ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಈ ಕಾಣಿಕೆಯ ಬಳಿಕ. ಪರದೇಶಿ ತಳಿಗಳನ್ನೇ ಮೆಚ್ಚುತ್ತಿದ್ದ ಸಿರಿವಂತರಲ್ಲಿ ದೇಶೀ ನಾಯಿಗೆ ಮನ್ನಣೆ ತಂದದ್ದೂ ಅದೇ. ಹಳ್ಳಿಯವರು ನೂರಾರು ವರ್ಷ ಕಂಡಿದ್ದ ಗುಣಕ್ಕೆ ಲಂಡನ್ನಿನ ಒಪ್ಪಿಗೆ ಬೇಕಾಯಿತೆಂಬುದು ಆ ಕಾಲದ ಸ್ಥಿತಿ.

ಅಂದಿನ ಪಶುವೈದ್ಯ ಮತ್ತು ನಾಯಿಗಳ ರೋಗ

ಮಾಲೋಜಿರಾವ್ ಅವರ ಕಾಲದಲ್ಲಿ ನಾಯಿಗಳನ್ನು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸಾಕುವುದೇ ಒಂದು ಸಾಹಸ. ಮುಂಬೈಯಲ್ಲಿ 1886ರಲ್ಲೇ ಪಶುವೈದ್ಯ ಕಾಲೇಜು ಆರಂಭವಾಗಿದ್ದರೂ ಸರ್ಕಾರದ ಪಶುವೈದ್ಯ ವ್ಯವಸ್ಥೆಯ ಗಮನವೆಲ್ಲ ಸೈನ್ಯದ ಕುದುರೆ ಮತ್ತು ರೈತರ ದನಗಳ ಮೇಲಿತ್ತು. ನಾಯಿಮರಿಗಳನ್ನು ಗುಂಪುಗುಂಪಾಗಿ ಕೊಲ್ಲುತ್ತಿದ್ದ ಡಿಸ್ಟೆಂಪರ್ ರೋಗಕ್ಕೆ ವೈರಾಣು ಕಾರಣವೆಂದು ಫ್ರಾನ್ಸಿನ ಆನ್ರಿ ಕಾರೇ ತೋರಿಸಿದ್ದು 1905ರಲ್ಲಿ. ಅದಕ್ಕೆ ಲಸಿಕೆಯನ್ನು ಇಂಗ್ಲೆಂಡಿನ ಲೇಡ್‌ಲಾ ಮತ್ತು ಡಂಕಿನ್ ಸಿದ್ಧಪಡಿಸಿದ್ದು 1920ರ ದಶಕದಲ್ಲಿ. ಆ ಸಂಶೋಧನೆಗೆ ಹಣ ಕೂಡಿಸಿದವರು ದ ಫೀಲ್ಡ್ ಎಂಬ ಪತ್ರಿಕೆಯ ಓದುಗರಾದ ಬೇಟೆಪ್ರಿಯರು.

ಹುಚ್ಚುನಾಯಿ ರೋಗ ಅಂದರೆ ರೇಬೀಸ್ ಇದಕ್ಕಿಂತ ಭಯಂಕರ. ಲೂಯಿ ಪಾಶ್ಚರ್ 1885ರಲ್ಲಿ ಮನುಷ್ಯರಿಗೆ ಚಿಕಿತ್ಸೆ ಕೊಟ್ಟು ಯಶಸ್ವಿಯಾದ ಮೇಲೆ ಭಾರತದಲ್ಲಿ ಕಸೌಲಿಯಲ್ಲಿ 1900ರಲ್ಲಿ, ಕೂನೂರಿನಲ್ಲಿ 1907ರಲ್ಲಿ ಪಾಶ್ಚರ್ ಸಂಸ್ಥೆಗಳು ಬಂದವು. ಅಂದರೆ ಮಾಲೋಜಿರಾವ್ ಪಟ್ಟಕ್ಕೆ ಬಂದ ವರ್ಷ ಗೋಕಾಕ ಅಥವಾ ಮುಧೋಳದಲ್ಲಿ ಹುಚ್ಚುನಾಯಿ ಕಚ್ಚಿದರೆ ಚಿಕಿತ್ಸೆಗೆ ಹಿಮಾಲಯದ ತಪ್ಪಲಿಗೆ ಹೋಗಬೇಕಿತ್ತು. ಇಂದು ಅದೇ ಚುಚ್ಚುಮದ್ದು ತಾಲ್ಲೂಕು ಆಸ್ಪತ್ರೆಯಲ್ಲಿದೆ. ಆದರೂ ಸಾವುಗಳು ನಿಂತಿಲ್ಲ. ಕಚ್ಚಿದ ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಖಾರದಪುಡಿ, ಸುಣ್ಣ ಹಚ್ಚುವುದರಿಂದ ಹಾನಿಯೇ ಹೊರತು ಗುಣವಿಲ್ಲ. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ.

ಆಹಾರ ಮತ್ತು ಸಾಕಣೆಯ ಪರಂಪರೆ

ಮುಧೋಳ ನಾಯಿಯನ್ನು ರೂಪಿಸಿದ್ದು ಆಯ್ಕೆಯಷ್ಟೇ ಅಲ್ಲ, ಅದರ ದಿನನಿತ್ಯದ ಕೂಳು ಕೂಡ. ಈ ಭಾಗದ ಮನೆಗಳಲ್ಲಿ ನಾಯಿಗೆ ಹಾಕುತ್ತಾ ಬಂದದ್ದು ಜೋಳದ ರೊಟ್ಟಿ, ಜೋಳ ಅಥವಾ ಗೋವಿನಜೋಳದ ನುಚ್ಚು, ಹಾಲು, ಮಜ್ಜಿಗೆ, ಅನುಕೂಲವಿದ್ದವರಲ್ಲಿ ತತ್ತಿ, ಬೇಟೆಯಾದ ದಿನ ಮಾಂಸದ ಪಾಲು. ನಾಯಿ ತೋಳದ ಕುಲದ್ದಾದ್ದರಿಂದ ಅದಕ್ಕೆ ಮಾಂಸವೇ ಬೇಕೆಂಬ ನಂಬಿಕೆ ಈಗ ನಗರಗಳಲ್ಲಿ ಬಲವಾಗಿದೆ. ಆದರೆ ಮನುಷ್ಯನ ಜೊತೆ ಸಾವಿರಾರು ವರ್ಷ ಬಾಳಿದ ನಾಯಿಯಲ್ಲಿ ಪಿಷ್ಟವನ್ನು ಅರಗಿಸುವ ಕಿಣ್ವದ ವಂಶವಾಹಿಯ ಪ್ರತಿಗಳು ತೋಳಕ್ಕಿಂತ ಬಹಳ ಹೆಚ್ಚಿವೆ. ಬೇಯಿಸಿದ ಧಾನ್ಯ ಅದಕ್ಕೆ ಒಗ್ಗುತ್ತದೆ. ಕೊರತೆಯಾಗುವುದು ಪ್ರೋಟೀನಿನಲ್ಲಿ. ಬರೀ ರೊಟ್ಟಿ ತಿಂದು ಬೆಳೆದ ಮರಿಗೆ ಸ್ನಾಯು ಕಟ್ಟುವುದಿಲ್ಲ. ತತ್ತಿ, ಬೇಯಿಸಿದ ಕೋಳಿಮಾಂಸ, ಮೊಸರು ಸೇರಿದರೆ ಹಳೆಯ ಊಟವೇ ಸಮತೋಲನಕ್ಕೆ ಹತ್ತಿರ ಬರುತ್ತದೆ. ಹಾಲು ಕೆಲವು ದೊಡ್ಡ ನಾಯಿಗಳಿಗೆ ಭೇದಿ ತರಿಸುತ್ತದೆ, ಅಂಥವಕ್ಕೆ ಮಜ್ಜಿಗೆ ಮೇಲು.

ಎಳೆಯ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ, ಬೆಳೆದ ನಾಯಿಗೆ ಎರಡು ಸಲ ಉಣಿಸುವುದು ವಾಡಿಕೆ. ಎಲುಬು ಬೇಗ ಗಟ್ಟಿಯಾಗಲೆಂದು ಮರಿಗೆ ಮನಬಂದಂತೆ ಕ್ಯಾಲ್ಸಿಯಂ ಕುಡಿಸುವವರಿದ್ದಾರೆ. ಎತ್ತರದ ತಳಿಗಳಲ್ಲಿ ಅತಿಯಾದ ಕ್ಯಾಲ್ಸಿಯಂ ಎಲುಬಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಆಳವಾದ ಎದೆಯ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ಜಠರ ತಿರುಚಿಕೊಳ್ಳುವ ಅಪಾಯವಿರುವುದರಿಂದ ಹೊಟ್ಟೆತುಂಬ ಉಂಡ ಕೂಡಲೇ ಓಡಿಸಬಾರದು. ಬೇಟೆಗಾರರು ಓಟದ ಮುಂಚೆ ನಾಯಿಗೆ ಹೆಚ್ಚು ಹಾಕದಿರುವ ಪದ್ಧತಿಯ ಹಿಂದೆ ಈ ಜಾಣ್ಮೆಯೂ ಇದೆ.

ಆರೋಗ್ಯವಂತ ಮುಧೋಳ ನಾಯಿಯ ಕೊನೆಯ ಕೆಲವು ಪಕ್ಕೆಲುಬುಗಳು ಎದ್ದು ಕಾಣುತ್ತವೆ. ಇದನ್ನು ನೋಡಿ ನಾಯಿ ಸೊರಗಿದೆಯೆಂದು ತಿಳಿದು ಅನ್ನ, ಸಿಹಿ ತಿಂಡಿ ಸುರಿಯುವುದು ನಗರದ ಮನೆಗಳಲ್ಲಿ ಸಾಮಾನ್ಯ. ತೂಕ ಹೆಚ್ಚಿದ ಓಟದ ನಾಯಿಯ ಕೀಲುಗಳು ಬೇಗ ಸವೆಯುತ್ತವೆ. ಮನೆಯಲ್ಲಿರುವ ವಸ್ತುಗಳಲ್ಲಿ ದ್ರಾಕ್ಷಿ, ಒಣದ್ರಾಕ್ಷಿ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಚಾಕೊಲೇಟ್ ನಾಯಿಗೆ ವಿಷ. ದ್ರಾಕ್ಷಿ ತೋಟಗಳಿರುವ ವಿಜಯಪುರ, ಬಾಗಲಕೋಟೆ ಭಾಗದಲ್ಲಿ ಇದನ್ನು ವಿಶೇಷವಾಗಿ ನೆನಪಿಡಬೇಕು. ಬೇಯಿಸಿದ ಕೋಳಿ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ.

ಕುರಿ ಕಡಿದಾಗ ಗುಳ್ಳೆಗಳಿರುವ ಪಿತ್ತಜನಕಾಂಗ, ಪುಪ್ಪುಸಗಳನ್ನು ನಾಯಿಗೆ ಎಸೆಯುವ ರೂಢಿ ಕುರಿಗಾರರ ನಾಡಿನಲ್ಲಿ ಇನ್ನೂ ಇದೆ. ಆ ಗುಳ್ಳೆಗಳೊಳಗಿನ ಲಾಡಿಹುಳುವಿನ ಮರಿಗಳು ನಾಯಿಯ ಕರುಳಿನಲ್ಲಿ ಬೆಳೆದು, ಮೊಟ್ಟೆಗಳು ಮಲದೊಂದಿಗೆ ಹೊರಬಿದ್ದು, ಕೈಯ ಮೂಲಕ ಮನುಷ್ಯರ ಹೊಟ್ಟೆ ಸೇರುತ್ತವೆ. ಮನುಷ್ಯರ ಪಿತ್ತಜನಕಾಂಗದಲ್ಲಿ ಶಸ್ತ್ರಚಿಕಿತ್ಸೆಯೇ ಬೇಕಾಗುವಂಥ ಗುಳ್ಳೆಗಳು ಬೆಳೆಯುವುದು ಹೀಗೆ. ಕಾಲಕಾಲಕ್ಕೆ ಜಂತುಹುಳುವಿನ ಔಷಧಿ ಕೊಡುವುದು ನಾಯಿಗಿಂತ ಮನೆಯ ಮಕ್ಕಳಿಗೆ ಹೆಚ್ಚು ಮುಖ್ಯ.

ಮೈಯಲ್ಲಿ ಕೊಬ್ಬು ಕಡಿಮೆಯಿರುವ ಈ ನಾಯಿ ಬಿಸಿಲನ್ನು ತಾಳುವಷ್ಟು ಚಳಿಯನ್ನು ತಾಳುವುದಿಲ್ಲ. ಅದೇ ಕಾರಣದಿಂದ ಓಟದ ತಳಿಗಳಲ್ಲಿ ಕೆಲವು ಅರಿವಳಿಕೆ ಮದ್ದುಗಳ ಪರಿಣಾಮ ಬಹಳ ಹೊತ್ತು ಉಳಿಯುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಪಶುವೈದ್ಯರಿಗೆ ತಳಿ ಯಾವುದೆಂದು ತಿಳಿಸುವುದು ಒಳಿತು. ಉಣ್ಣಿಗಳಿಂದ ಹರಡುವ ಜ್ವರಗಳು, ಮರಿಗಳ ರಕ್ತಭೇದಿಗೆ ಕಾರಣವಾಗುವ ಪಾರ್ವೋ ವೈರಾಣು ಇಂದಿನ ದೊಡ್ಡ ತೊಂದರೆಗಳು. ಪಾರ್ವೋ 1970ರ ದಶಕದ ಕೊನೆಯಲ್ಲಿ ಜಗತ್ತಿನಾದ್ಯಂತ ಹರಡಿದ ರೋಗ, ಮಾಲೋಜಿರಾವ್ ಅವರ ಕಾಲದವರು ಅದನ್ನು ಕಂಡಿರಲಿಲ್ಲ. ಮರಿಗೆ ಆರರಿಂದ ಎಂಟು ವಾರವಾದಾಗ ಲಸಿಕೆಗಳು ಆರಂಭವಾಗಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಬೀಳಬೇಕು.

ತರಬೇತಿ

ಹಳೆಯ ಬೇಟೆಗಾರರಲ್ಲಿ ಮರಿಗೆ ಪ್ರತ್ಯೇಕ ಪಾಠವಿರಲಿಲ್ಲ. ಅನುಭವವಿದ್ದ ನಾಯಿಯ ಜೊತೆ ಬಿಟ್ಟರೆ ಅದನ್ನು ನೋಡಿ ಮರಿ ಕಲಿಯುತ್ತಿತ್ತು. ಕರೆದಾಗ ಬಂದರೆ ರೊಟ್ಟಿಯ ತುಂಡು ಸಿಗುತ್ತಿತ್ತು. ಇಂದಿನ ತರಬೇತುದಾರರು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಹೊಡೆತಕ್ಕೆ ಈ ತಳಿ ಬಗ್ಗುವುದಿಲ್ಲ, ಹೆದರಿ ದೂರವಾಗುತ್ತದೆ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದವರೆಗಿನ ಅವಧಿಯಲ್ಲಿ ಮಕ್ಕಳು, ಅಪರಿಚಿತರು, ವಾಹನಗಳ ಸದ್ದು, ಕೋಳಿ ಕುರಿಗಳ ಪರಿಚಯವಾದ ಮರಿ ಮುಂದೆ ಧೈರ್ಯದ ನಾಯಿಯಾಗುತ್ತದೆ. ಆ ಕಾಲವನ್ನು ಸರಪಳಿಯಲ್ಲಿ ಕಳೆದ ಮರಿ ಅಂಜುಬುರುಕವೋ ಕಚ್ಚುವ ನಾಯಿಯೋ ಆಗುವ ಸಂಭವವೇ ಹೆಚ್ಚು.

ಓಡುವ ಮೊಲವನ್ನೋ ಬೆಕ್ಕನ್ನೋ ಕಂಡ ಮೇಲೆ ಮುಧೋಳ ನಾಯಿಗೆ ಯಜಮಾನನ ಕೂಗು ಕೇಳುವುದಿಲ್ಲ ಎಂಬುದು ಅದನ್ನು ಸಾಕಿದವರೆಲ್ಲ ಬಲ್ಲ ಮಾತು. ಇದು ಅವಿಧೇಯತೆಯಲ್ಲ, ನೂರಾರು ವರ್ಷದ ಆಯ್ಕೆಯ ಫಲ. ಬೇಲಿಯಿಲ್ಲದ ಜಾಗದಲ್ಲಿ, ವಿಶೇಷವಾಗಿ ರಸ್ತೆಯ ಬದಿಯಲ್ಲಿ, ಹಗ್ಗ ಬಿಚ್ಚಬಾರದು. ತಲೆ ಕತ್ತಿಗಿಂತ ಹೆಚ್ಚು ಅಗಲವಿಲ್ಲದ ಕಾರಣ ಸಾಮಾನ್ಯ ಪಟ್ಟಿಯಿಂದ ನುಣುಚಿಕೊಳ್ಳುತ್ತದೆ, ಅಗಲವಾದ ಪಟ್ಟಿ ಬೇಕು. ದಿನಕ್ಕೊಮ್ಮೆಯಾದರೂ ಬಯಲಿನಲ್ಲಿ ಓಡಿಸಲಾಗದವರು ಈ ತಳಿಯನ್ನು ತರದಿರುವುದೇ ಲೇಸು.

ಉತ್ತರಾಧಿಕಾರ ಮತ್ತು ನಂತರದ ಕಾಲ

1937ರ ನವೆಂಬರ್ 9ರಂದು ಗಾದಿ ಎಂಟು ವರ್ಷದ ಮಗ ಭೈರವಸಿಂಹರಾವ್ ಅವರಿಗೆ ಬಂತು. ಅವರೇ ಮುಧೋಳದ ಕೊನೆಯ ಅರಸರು. 1948ರ ಮಾರ್ಚ್ 8ರಂದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. ಮುಂಬೈ ರಾಜ್ಯದ ಭಾಗವಾಗಿದ್ದ ಮುಧೋಳ 1956ರಲ್ಲಿ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸ ಬಾಗಲಕೋಟೆ ಜಿಲ್ಲೆಗೆ ಸೇರಿತು. ಅರಮನೆಯ ಆಶ್ರಯ ತಪ್ಪಿದ ಮೇಲೆ ನಾಯಿಗಳನ್ನು ಉಳಿಸಿದವರು ಮೊದಲಿನಂತೆ ಹಳ್ಳಿಗಳವರೇ.

ಸ್ವಾತಂತ್ರ್ಯದ ನಂತರ ತಳಿಯ ಬದುಕನ್ನು ಬದಲಿಸಿದ್ದು ಎರಡು ಸಂಗತಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ಅಪರಾಧವಾಗಿಸಿತು. ಚಿಗರೆ, ತೋಳಗಳೇ ವಿರಳವಾಗಿದ್ದ ಹೊತ್ತಿನಲ್ಲಿ ಅದು ಅಗತ್ಯವೂ ಆಗಿತ್ತು. ಇನ್ನೊಂದು, ನದಿಯ ಮೇಲ್ಭಾಗದಲ್ಲಿ ಹಿಡಕಲ್ ಬಳಿ ಕಟ್ಟಿದ ರಾಜಾ ಲಖಮಗೌಡ ಜಲಾಶಯ. 1970ರ ದಶಕದಲ್ಲಿ ಪೂರ್ಣಗೊಂಡ, ಸುಮಾರು 51 ಟಿಎಂಸಿ ಅಡಿ ನೀರು ಹಿಡಿಯುವ ಈ ಜಲಾಶಯದ ಕಾಲುವೆಗಳು ಘಟಪ್ರಭೆಯ ಬಯಲಿನ ರೂಪವನ್ನೇ ಬದಲಿಸಿದವು. ಗೋಕಾಕ, ಮೂಡಲಗಿ, ಮುಧೋಳಗಳಲ್ಲಿ ಜೋಳದ ಹೊಲಗಳ ಜಾಗದಲ್ಲಿ ಕಬ್ಬು ಎದ್ದಿತು, ಸಕ್ಕರೆ ಕಾರ್ಖಾನೆಗಳು ಬಂದವು. ರೈತರಿಗೆ ಅದು ಬಾಳು ಕೊಟ್ಟಿತು. ಆಳೆತ್ತರದ ಕಬ್ಬಿನ ನಡುವೆ ಮಾತ್ರ ಕಣ್ಣಿನ ಬೇಟೆಯ ನಾಯಿಗೆ ಓಡಲು ಜಾಗವೂ ಇಲ್ಲ, ನೋಡಲು ದೂರವೂ ಇಲ್ಲ. ಬೇಟೆನಾಯಿ ಹೀಗೆ ಹೊಲ ಕಾಯುವ, ಮನೆ ಕಾಯುವ ನಾಯಿಯಾಯಿತು. ಮುಂದೆ ಬೆಂಗಳೂರು, ಪುಣೆಗಳ ಮನೆಗಳಿಗೆ ಮಾರಾಟವಾಗುವ ಮರಿಯಾಯಿತು. ಸಾಕಣೆಯ ಕುರಿತ ಮೇಲಿನ ಪ್ರಶ್ನೆಗಳು ಇಂದು ಇಷ್ಟು ಮುಖ್ಯವಾಗಿರುವುದು ಈ ಬದಲಾವಣೆಯಿಂದಲೇ.

ಭಾರತೀಯ ಅಂಚೆ ಇಲಾಖೆ 2005ರ ಜನವರಿಯಲ್ಲಿ ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಮುಧೋಳ ನಾಯಿ ಅವುಗಳಲ್ಲಿ ಒಂದಾಗಿತ್ತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಕೆಲಸ ಮಾಡುತ್ತಿದೆ. ತಳಿಯ ಶುದ್ಧತೆ, ಮರಿಗಳ ಆರೋಗ್ಯ, ಸಾಕಣೆದಾರರಿಗೆ ಮಾರ್ಗದರ್ಶನ ಇದರ ಹೊಣೆ. ಮೀರತ್‌ನಲ್ಲಿರುವ ಭಾರತೀಯ ಸೇನೆಯ ಶ್ವಾನ ತರಬೇತಿ ಕೇಂದ್ರಕ್ಕೆ ಕಳೆದ ದಶಕದಲ್ಲಿ ಇಲ್ಲಿಂದ ಮರಿಗಳು ಹೋದವು. 2020ರ ಆಗಸ್ಟ್ ತಿಂಗಳ ಬಾನುಲಿ ಭಾಷಣದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ದೇಶೀ ತಳಿಗಳನ್ನು ಸಾಕುವಂತೆ ಕರೆ ನೀಡುತ್ತಾ ಮುಧೋಳ ನಾಯಿಯ ಹೆಸರನ್ನು ಎತ್ತಿದ ಮೇಲೆ ಮರಿಗಳಿಗೆ ಬೇಡಿಕೆ ಹೆಚ್ಚಿತು. ಬೇಡಿಕೆಯ ಜೊತೆಗೆ ಬೆರಕೆ ಮರಿಗಳನ್ನು ಶುದ್ಧ ತಳಿಯೆಂದು ಮಾರುವ ದಂಧೆಯೂ ಬೆಳೆಯುವ ಭಯವಿದೆ. ಕೊಳ್ಳುವವರು ಮರಿಯ ತಾಯಿತಂದೆಗಳನ್ನು ಕಣ್ಣಾರೆ ನೋಡುವುದು ಮಾಲೋಜಿರಾವ್ ಅವರ ಕಾಲದಷ್ಟೇ ಇಂದಿಗೂ ನಂಬಬಹುದಾದ ಕ್ರಮ.

ಹೆಸರಿನ ವಿಚಾರದಲ್ಲಿ ಒಮ್ಮತವಿಲ್ಲ. ಕೆನೆಲ್ ಕ್ಲಬ್ ಆಫ್ ಇಂಡಿಯಾ ಈ ತಳಿಯನ್ನು ಕ್ಯಾರವಾನ್ ಹೌಂಡ್ ಎಂದೂ, ಇಂಡಿಯನ್ ನ್ಯಾಷನಲ್ ಕೆನೆಲ್ ಕ್ಲಬ್ ಮುಧೋಳ ಹೌಂಡ್ ಎಂದೂ ದಾಖಲಿಸುತ್ತವೆ. ಮಹಾರಾಷ್ಟ್ರದ ಗಡಿಭಾಗದಲ್ಲಿ ಕಾರವಾನಿ ಎಂಬ ಹೆಸರೇ ಬಳಕೆಯಲ್ಲಿದ್ದರೆ, ಘಟಪ್ರಭೆಯ ಬಯಲಿನಲ್ಲಿ ಅದು ಮುಧೋಳ ನಾಯಿ.